ಬಿಸಿನೀರಿನ ಒಡ್ಡು

೧೬ ನವೆಂಬರ್ ೧೯೪೨, ಕಾರ್ತಿಕ ಸೋಮವಾರ

ಬಾಯಿಗೆ ಬಂದದ್ದನ್ನು ಜನರಿಗೆ ಹೇಳುವ ಮೊದಲು ಕಾಗದಕ್ಕೆ ಹೇಳು ಎಂದು ಮಠದ ಅಜ್ಜನವರು ಅಪ್ಪಣೆ ಕೊಟ್ಟಿದ್ದಾರೆ. ನನ್ನ ಬಾಯಿ ಜೋರು ಎಂಬ ಸುದ್ದಿ ಅವರ ತನಕ ಮುಟ್ಟಿಸಿದವರು ಯಾರೋ ಶಿವನೇ ಬಲ್ಲ. ಮಠದ ಸಾಲಿಯಲ್ಲಿ ಕಲಿತ ಅಕ್ಷರ ಐವತ್ತನೆಯ ವರ್ಷಕ್ಕೆ ಹೀಗೆ ಕೆಲಸಕ್ಕೆ ಬಂತು. ಕಾಗದ ಹತ್ತಿ ಗಿರಣಿಯದು. ಒಂದು ಮಗ್ಗಲು ಉರ್ದು ಅಚ್ಚು, ಇನ್ನೊಂದು ಮಗ್ಗಲು ಖಾಲಿ. ತಂದುಕೊಟ್ಟವರು ಇವರು. ಗಂಡನ ಹೆಸರನ್ನು ಕಾಗದದ ಮೇಲೂ ಬರೆಯಲಾರೆ. ಗಿರಣಿಯ ಪವರ್‌ಹೌಸಿನ ದೊಡ್ಡ ಡ್ರೈವರ್ ಎಂದರೆ ಕೊಪ್ಪಳದಲ್ಲಿ ಎಲ್ಲರಿಗೂ ಗೊತ್ತು.

ಇವತ್ತು ನಮ್ಮ ಒಡ್ಡು ಮುಗಿಯಿತು. ಪವರ್‌ಹೌಸಿನಿಂದ ಹೊರಬರುವ ಬಿಸಿನೀರು ಗಿರಣಿಯ ಹೊಂಡಕ್ಕೆ ಬೀಳುವುದು ಹೆಂಗಸರ ಮೆಟ್ಟಿಲಿನ ಪಕ್ಕದಲ್ಲೇ. ಚಳಿಗಾಲದಲ್ಲಿ ಇದಕ್ಕಿಂತ ದೊಡ್ಡ ಕೃಪೆ ಏನಿದೆ? ತಣ್ಣೀರು ಕಂಡರೆ ನನ್ನ ಮೊಣಕಾಲು ಹಿಡಿದುಕೊಳ್ಳುತ್ತದೆ, ಮೈ ತೊಳೆಯದೆ ಲಿಂಗಪೂಜೆಗೆ ಕೂಡುವಂತಿಲ್ಲ. ಆದರೆ ಬಿದ್ದ ನೀರು ಬಿದ್ದಲ್ಲಿ ನಿಲ್ಲದೆ ಹೊಂಡದ ನಡುವಿಗೆ ಹರಿದು ಆರಿಹೋಗುತ್ತಿತ್ತು. ಇದು ಸಾಲದೆಂದು, ಬಾಯ್ಲರಿಗೆ ಇದ್ದಲಿ ಹಾಕುವ ಇಮಾಮಸಾಬನ ಹೆಂಡತಿ ಅಲ್ಲೇ ಮಸಿ ಅರಿವೆ ಒಗೆಯುತ್ತಾಳೆ. ಆ ಕರಿನೀರು ನಾವು ಮೀಯುವ ಕಡೆಗೇ ಬರುತ್ತಿತ್ತು. ಮಡಿ ಎಂದ ಮೇಲೆ ಮಡಿ.

ಅದಕ್ಕೇ ಓಣಿಯ ಹೆಂಗಸರನ್ನು ಕೂಡಿಸಿ, ಕಲ್ಲು ಜೋಡಿಸಿ, ಎರೆಮಣ್ಣು ಮೆತ್ತಿ, ಮೆಟ್ಟಿಲಿನ ಸುತ್ತ ನೀರಿನ ಮೇಲೆ ಗೇಣು ಕಾಣುವಂತೆ ಒಡ್ಡು ಹಾಕಿಸಿದೆ. ಈಗ ಬಿಸಿನೀರು ನಮ್ಮ ಕಡೆ ತುಂಬಿ ನಿಲ್ಲುತ್ತದೆ. ಕೊಳೆಯಬಾರದೆಂದು ಪವರ್‌ಹೌಸಿನ ಗೋಡೆಯ ಕಡೆಗೆ ಮಾತ್ರ ಒಂದು ಬಾಯಿ ಬಿಟ್ಟೆವು. ಅವಳು ಒಡ್ಡಿನ ಆಚೆ ಒಗೆದುಕೊಳ್ಳಲಿ, ಯಾರು ಬೇಡ ಅಂದರು?

ಹಂಪವ್ವ ಮಣ್ಣು ಹೊತ್ತೂ ಹೊತ್ತೂ ಸಾಕಾಗಿ, "ಗುರುಲಿಂಗಮ್ಮಾರ, ಆ ಶಿವ ಹಿಮದಾಗ ಕುಂತಾನ. ಅವನ ಪೂಜಿ ಮಾಡೋ ನಿಮಗ ಬಿಸಿನೀರ ಬೇಕು ನೋಡ್ರಿ" ಅಂದಳು. ಎಲ್ಲರೂ ನಕ್ಕರು. ನಗಲಿ. ಮೊದಲು ನೀರಿಗೆ ಇಳಿದವಳು ಅವಳೇ.

೨೫ ನವೆಂಬರ್

ಇವರು ರೊಟ್ಟಿಯನ್ನು ತಾಟಿನಲ್ಲೇ ಮುರಿಯುತ್ತ ಕೂತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ.

"ಏನಾತ್ರೀ?"

"ಮುಳ್ಳು ಇಳಿಯಾಕತ್ತೈತಿ. ಕಂಡೆನ್ಸರ್ ಮುಳ್ಳು. ನಿನಗೇನು ತಿಳೀತೈತಿ, ಬಿಡು."

"ತಿಳಿಯಂಗ ಹೇಳ್ರಿ. ರೊಟ್ಟಿ ಬಡಿಯೋದು ನಿಮಗ ತಿಳೀತೈತೇನು? ಆದ್ರೂ ಉಣ್ತೀರಿ."

ಆಗ ನಕ್ಕರು. ಒಲೆಯ ಮೇಲಿದ್ದ ಚಂಬಿನ ಕುದಿನೀರು ಚೆಲ್ಲಿ, ಉಗಿ ತುಂಬಿದ ಚಂಬನ್ನು ತಾಟಿನ ನೀರಿನಲ್ಲಿ ಬೋರಲು ಹಾಕಿದರು. ಅದರ ಬೆನ್ನಿನ ಮೇಲೆ ತಣ್ಣೀರು ಹೊಯ್ದರು. ಚಂಬು ತಾಟಿನ ನೀರನ್ನು ಗಟಗಟನೆ ಒಳಗೆ ಎಳೆದುಕೊಂಡಿತು.

"ಒಳಗಿನ ಉಗಿ ನೀರಾತು, ಜಾಗ ಖಾಲಿ ಆತು, ಎಳೀತು. ನಮ್ಮ ಟರ್ಬೈನ್ ತಿರುಗಿಸಿ ಬಂದ ಉಗೀನ ಒಂದು ದೊಡ್ಡ ಪೆಟ್ಟಿಗಿಯೊಳಗ ಹಿಂಗ ತಣಸ್ತೀವಿ. ಅದಕ್ಕ ಕಂಡೆನ್ಸರ್ ಅಂತಾರ. ಪೆಟ್ಟಿಗಿ ತುಂಬ ಹಿತ್ತಾಳಿ ಕೊಳವಿ, ಕೊಳವಿಯೊಳಗ ಹೊಂಡದ ತಣ್ಣೀರು. ಎಳೆತ ಜೋರಿದ್ರ ಮುಳ್ಳು ಮ್ಯಾಲೆ, ಇದ್ದಲಿ ಕಮ್ಮಿ. ಎಳೆತ ಸತ್ರ ಅಷ್ಟ ಕೆಲಸಕ್ಕ ರಾಶಿ ರಾಶಿ ಇದ್ದಲಿ ಸುಡಬೇಕು."

ಚಳಿಗಾಲದಲ್ಲಿ ಹೊಂಡ ತಣ್ಣಗಿರುವುದರಿಂದ ಮುಳ್ಳು ಪ್ರತಿವರ್ಷ ಏರುತ್ತಿತ್ತಂತೆ. ಈ ವರ್ಷ ಚಳಿ ಬಿದ್ದಂತೆ ಇಳಿಯುತ್ತಿದೆ. ಲಡಾಯಿಯ ಕಾಲ, ಇದ್ದಲಿಯ ವ್ಯಾಗನ್ ಬರುವುದೇ ಅಪರೂಪ. ಯಲಬುರ್ಗಾ, ಕುಷ್ಟಗಿ ಕಡೆಯ ಹತ್ತಿ ಬಂಡಿಗಳು ಗಿರಣಿಯ ಮುಂದೆ ಸಾಲು ನಿಂತಿವೆ. ಇಷ್ಟು ಇದ್ದಲಿ ಎಲ್ಲಿ ಹೋಗುತ್ತಿದೆ ಎಂದು ಗಿರಣಿಯ ಸಾವುಕಾರರು ದಿನಾ ಕೇಳುತ್ತಿದ್ದಾರಂತೆ.

ಪೂಜೆಯಲ್ಲಿ ಇವರ ಸಲುವಾಗಿ ಒಂದು ಪತ್ರಿ ಹೆಚ್ಚಿಗೆ ಏರಿಸಿದೆ.

೩ ಡಿಸೆಂಬರ್

ಸುಣ್ಣ ಹೊಡೆಯಲು ಹೋದವರಂತೆ ಇವರು ತಲೆತುಂಬ ಬಿಳಿಪುಡಿ ಮಾಡಿಕೊಂಡು ಬಂದರು. ಇಮಾಮಸಾಬನೂ ಇವರೂ ಸೇರಿ ಬೆತ್ತದ ತುದಿಗೆ ತಂತಿಯ ಕುಂಚ ಕಟ್ಟಿ ಪೆಟ್ಟಿಗೆಯ ಕೊಳವೆಗಳನ್ನೆಲ್ಲ ಒಂದೊಂದಾಗಿ ಕೆರೆದರಂತೆ. ನಮ್ಮೂರ ಸವಳು ನೀರು ಹಂಡೆಯ ತಳಕ್ಕೆ ಕಟ್ಟುವ ಬಿಳಿ ಪೊರೆ ಅಲ್ಲಿಯೂ ಕಟ್ಟಿತ್ತು. ಮುಳ್ಳು ಕೂದಲೆಳೆಯಷ್ಟು ಏರಿತು, ಅಲ್ಲೇ ನಿಂತಿತು.

ಬೆಳಿಗ್ಗೆ ಮೆಟ್ಟಿಲಿನ ಮೇಲೆ ಕಳಕಮ್ಮ ಕೇಳಿದಳು, "ಅಲ್ರೀ ಅಮ್ಮಾರ, ಅಷ್ಟು ಇದ್ದಲಿ ಎತ್ತಾಗ ಹೋಕ್ಕೈತಿ?"

ನಾನೇನು ಮುಚ್ಚಿಟ್ಟು ಮಾತಾಡುವವಳಲ್ಲ. "ದಿನಾ ಬುಟ್ಟಿ ತುಂಬ್ಕೊಂಡು ಹೋಗೋರನ್ನ ಕೇಳ್ರಿ. ಗಂಡ ಬಾಯ್ಲರ್ ಮುಂದ, ಹೆಂಡ್ತಿ ಬಾಯ್ಲರ್ ಹಿಂದ" ಅಂದೆ.

ಹಂಪವ್ವ ನೀರಿನಲ್ಲಿ ಕೈ ಬಡಿದು ನಕ್ಕಳು. ಒಡ್ಡಿನ ಆಚೆ ಅರಿವೆ ಒಗೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಕಾಗದಕ್ಕೆ ಮೊದಲು ಹೇಳಬೇಕಿತ್ತು. ಮರೆತೆ.

೯ ಡಿಸೆಂಬರ್, ಛಟ್ಟಿ ಅಮವಾಸ್ಯೆಯ ಮರುದಿನ

ಇವರು ಬಂದು ದೇವರ ಜಗಲಿಯ ಕೈದೀಪ ಕೇಳಿದರು. ಪೆಟ್ಟಿಗೆಯ ಬೆಸುಗೆಯಲ್ಲಿ ಎಲ್ಲಾದರೂ ಸಂದಿ ಇದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಎಳೆತ ಕೆಡುತ್ತದಂತೆ. ದೀಪ ಹಿಡಿದುಕೊಂಡು ಸುತ್ತ ಹೋದರೆ ಸಂದಿ ಇದ್ದಲ್ಲಿ ಕುಡಿ ಒಳಗೆ ಬಾಗುತ್ತದೆ. ಮೇಣದಬತ್ತಿ ಪೇಟೆಯಲ್ಲಿ ಸಿಗುತ್ತಿಲ್ಲ.

"ದೇವರ ದೀಪ ಗಿರಣಿಗ್ಯಾಕ್ರಿ?"

"ದೇವರೂ ಒಂದೀಟು ನೋಡ್ಲಿ. ನಾವು ನೋಡಿ ನೋಡಿ ಸಾಕಾತು."

ಕೊಟ್ಟೆ. ಸಂಜೆಗೆ ದೀಪ ತಿರುಗಿ ಬಂತು, ಎಣ್ಣೆಬಣ್ಣದ ವಾಸನೆ ಹಿಡಿದು. ಒಂದು ಸಂದಿ ಸಿಕ್ಕಿತಂತೆ, ನಾರು ತುಂಬಿ ಮುಚ್ಚಿದರಂತೆ. ಮುಳ್ಳು ಮತ್ತೆ ಕೂದಲೆಳೆ ಏರಿ ನಿಂತಿತು.

ನೀರು ಮಾತ್ರ ಛಲೋ ಬಿಸಿಯಿದೆ. ಮೊಣಕಾಲು ನೋವು ಅರ್ಧಕ್ಕರ್ಧ ಕಡಿಮೆ.

೧೪ ಡಿಸೆಂಬರ್, ಸೋಮವಾರ

ಸಾವುಕಾರರು ಇಮಾಮಸಾಬನನ್ನು ಕೆಲಸದಿಂದ ನಿಲ್ಲಿಸಿದರು. ಇದ್ದಲಿ ಕದ್ದು ಹೆಂಡತಿಯ ಬುಟ್ಟಿಯಲ್ಲಿ ಸಾಗಿಸಿದ್ದಾನೆ ಎಂದು. ತಿಂಗಳ ಕೊನೆಯೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸ್ ಅಮೀನರ ಕೈಗೆ ಒಪ್ಪಿಸುತ್ತಾರಂತೆ. ಇವರು ಅವನ ಪರವಾಗಿ ಮಾತಾಡಿದ್ದಕ್ಕೆ, "ಹಂಗಾರ ನಿಮಗೂ ಪಾಲು ಐತೇನು?" ಎಂದು ನಾಲ್ಕು ಮಂದಿಯ ಮುಂದೆ ಕೇಳಿದರಂತೆ.

ಇವರು ಒಲೆಯ ಹತ್ತಿರ ಬಂದು ಕೂತರು. "ಹದಿನಾರು ವರ್ಷ ಆತು, ನಾನೂ ಅವನೂ ಒಂದ ಬೆಂಕಿ ಮುಂದ ನಿಂತು. ಯಾರು ಹುಟ್ಟಿಸಿದ್ರೋ ಈ ಮಾತ. ಹೆಂಗಸರ ಮೆಟ್ಟಿಲ ಕಡಿಂದ ಬಂದೈತಿ ಅಂತಾರ. ನಿನ್ನ ಕಿವಿಗೇನರ ಬಿದ್ದಿತ್ತೇನು?"

"ಇಲ್ಲ" ಅಂದೆ.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

೧೭ ಡಿಸೆಂಬರ್

ಬರೆಯಲು ಏನೂ ಇಲ್ಲ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಬುಟ್ಟಿಯಂತೂ ನಾನು ಕಂಡದ್ದು ನಿಜ. ಒಳಗೆ ಏನಿತ್ತೋ ಕಂಡಿಲ್ಲ. ಆದರೆ ಬುಟ್ಟಿ ನಿಜ.

೨೦ ಡಿಸೆಂಬರ್, ಭಾನುವಾರ

ಇಮಾಮಸಾಬನ ಹೆಂಡತಿ ನೂರಜಾನಬಿ ಮನೆಗೆ ಬಂದಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಹೊಸ್ತಿಲಿನ ಹೊರಗೆ ನಿಂತು, ತಲೆಯ ಮೇಲಿನ ಬುಟ್ಟಿಯನ್ನು ನನ್ನ ಅಂಗಳದಲ್ಲಿ ಬೋರಲು ಸುರಿದಳು. ಅರ್ಧ ಸುಟ್ಟ ಇದ್ದಲಿಯ ಕಿಟ್ಟ, ಬೂದಿ. ಅಷ್ಟೇ.

"ಇದನ್ನ ನೋಡ್ರಿ ಅಮ್ಮಾರ. ಬಾಯ್ಲರ್‌ದಾಗಿಂದ ಎಳದು ಒಗದ ಬೂದಿ ಇದು. ಇದರಾಗ ಕಿಟ್ಟ ಆರಿಸ್ತೀನಿ, ಒಲಿಗೆ ಹಾಕ್ತೀನಿ. ಹಸಿ ಇದ್ದಲಿ ಒಂದ ಹಳ್ಳು ಸಿಕ್ರೂ ನನ್ನ ಕೈ ಸುಡ್ರಿ."

ನಾನು ಬಗ್ಗಿ ಕಿಟ್ಟವನ್ನು ನೋಡಿದೆ.

"ನಿಮ್ಮ ಪೂಜಿ ಚಂಬು ಯಾವ ಬೂದೀಲೆ ಬೆಳಗ್ತೀರಿ, ಕೇಳ್ರಿ ಆ ಹಂಪವ್ವನ್ನ. ವಾರಕ್ಕ ಒಂದು ಮೊರ ನನ್ನ ಕಡಿಂದ ಒಯ್ದು ನಿಮಗ ಕೊಡ್ತಾಳ. ಅದು ಮಡಿ ಆಗತೈತಿ. ನಾ ಕಳ್ಳಿ ಆಗ್ತೀನಿ."

ಕೂಗಾಡಲಿಲ್ಲ, ಅಳಲಿಲ್ಲ. ಕಿಟ್ಟವನ್ನೆಲ್ಲ ಮತ್ತೆ ಬುಟ್ಟಿಗೆ ತುಂಬಿದಳು, ಸೆರಗಿನಿಂದ ನನ್ನ ಅಂಗಳ ಒರೆಸಿದಳು, ಹೋದಳು. ಅವಳಿಗೂ ಮೊಣಕಾಲು ನೋವಿರಬೇಕು. ಏಳುವಾಗ ನೆಲಕ್ಕೆ ಕೈ ಊರಿದಳು.

ಹಂಪವ್ವನನ್ನು ಕೇಳಿದೆ. "ಹೂಂನ್ರೀ, ಮತ್ತ ಅಷ್ಟು ನುಣ್ಣನ ಬೂದಿ ನನ್ನ ಒಲಿಯಾಗ ಎಲ್ಲಿ ಬರಬೇಕು?" ಅಂದಳು.

೨೧ ಡಿಸೆಂಬರ್, ಸೋಮವಾರ

ಇವತ್ತು ತಡವಾಗಿ ಹೊಂಡಕ್ಕೆ ಹೋದೆ, ಯಾರ ಮುಖವೂ ಬೇಡವಾಗಿತ್ತು. ಒಬ್ಬಳೇ ಮೆಟ್ಟಿಲಿನ ಮೇಲೆ ಕೂತು ನಿನ್ನೆಯ ಪೂಜೆಯ ಹೂವು, ಪತ್ರಿ ನೀರಿಗೆ ಬಿಟ್ಟೆ. ಕಾಲಿಗೆ ಸಿಗಬಾರದೆಂದು ದಿನಾ ಹಾಗೆಯೇ ಬಿಡುತ್ತೇನೆ. ಬಿಟ್ಟು ಎದ್ದು ಬರುವುದೇ ರೂಢಿ. ಇವತ್ತು ಏಳಲಾಗಲಿಲ್ಲ, ಅದಕ್ಕೇ ನೋಡಿದೆ.

ಹೋದ ವರ್ಷ ಹೂವೆಲ್ಲ ಹೊಂಡದ ನಡುವಿಗೆ ತೇಲಿ ಅಲ್ಲೇ ಸುತ್ತಾಡುತ್ತಿದ್ದವು. ಇವತ್ತು ಒಡ್ಡಿಗೆ ಬಡಿದು ತಿರುಗಿದವು. ನಾವು ಬಿಟ್ಟಿದ್ದ ಬಾಯಿಯಿಂದ ಸಾಲಾಗಿ ಹೊರಬಿದ್ದು, ಗೋಡೆ ಹಿಡಿದುಕೊಂಡು ನೆಟ್ಟಗೆ ಪವರ್‌ಹೌಸು ನೀರು ಎಳೆಯುವ ಕೊಳವೆಯ ಬುಡಕ್ಕೆ ಹೋದವು. ಕೊಳವೆಯ ಬಾಯಿಗೆ ಕಟ್ಟಿದ ಜಾಳಿಗೆಗೆ ಅಂಟಿಕೊಂಡವು. ಅಲ್ಲಿ ನನ್ನ ಹಳೆಯ ಪತ್ರಿಗಳು ಬೇಕಾದಷ್ಟಿದ್ದವು.

ಒಡ್ಡಿನ ಮೇಲೆ ಕೂತು ಜರಗುತ್ತ ಹೋಗಿ ಜಾಳಿಗೆಯ ಹತ್ತಿರ ಕೈ ಅದ್ದಿದೆ. ಬೆಚ್ಚಗಿತ್ತು.

ಮನೆಗೆ ಬಂದು ಚಂಬಿನಲ್ಲಿ ನೀರು ಕುದಿಸಿ, ಚೆಲ್ಲಿ, ಇವರು ಮಾಡಿದ ಹಾಗೆ ತಾಟಿನಲ್ಲಿ ಬೋರಲು ಹಾಕಿದೆ. ಮೇಲೆ ಬೆಚ್ಚನೆಯ ನೀರು ಹೊಯ್ದೆ. ಚಂಬು ಒಂದಿಷ್ಟು ಎಳೆದಂತೆ ಮಾಡಿ ಸುಮ್ಮನಾಯಿತು. ಎರಡನೆಯ ಸಲವೂ ಹಾಗೇ.

ಇವರು ಉಣ್ಣಲು ಬಂದಾಗ ತಾಟು ಹಾಕಲಿಲ್ಲ. ಚಂಬು ತೋರಿಸಿದೆ.

"ಹೊಂಡದಾಗ ನಿಮ್ಮ ಕೊಳವಿ ಹತ್ರ ನೀರು ಬೆಚ್ಚಗೈತ್ರಿ."

"ಹೆಂಗಾಗತೈತಿ? ಬಿಸಿನೀರು ಆಚಿ ದಂಡಿಗೆ ಹೋಗಿ, ಆರಿ, ಆಮ್ಯಾಲೆ ಬರಬೇಕು."

"ಒಡ್ಡು ಐತಿ. ಆಚಿ ದಂಡಿಗೆ ಹೋಗಾಕ ದಾರಿ ಇಲ್ಲ."

"ಎಂಥಾ ಒಡ್ಡು?"

ಇವರಿಗೆ ಒಡ್ಡು ಇರುವುದೇ ಗೊತ್ತಿರಲಿಲ್ಲ! ಇಮಾಮಸಾಬನಿಗೂ ಇಲ್ಲ, ಗಿರಣಿಯ ಯಾವ ಗಂಡಸಿಗೂ ಇಲ್ಲ. ಹೆಂಗಸರು ಮೀಯುವ ಮೆಟ್ಟಿಲಿನ ಕಡೆಗೆ ಯಾರೂ ಕಣ್ಣೆತ್ತುವುದಿಲ್ಲ, ದಾರಿ ಸುತ್ತಾದರೂ ಆಚೆಯಿಂದಲೇ ಹೋಗುತ್ತಾರೆ. ಒಳಗೆ ಬರುವ ನೀರಿನ ಶಾಖ ಅಳೆಯುವ ಗಾಜಿನ ಕಡ್ಡಿ ಮಳೆಗಾಲದಲ್ಲೇ ಒಡೆದಿತ್ತಂತೆ, ಲಡಾಯಿ ಮುಗಿಯದೆ ಹೊಸದು ಬರುವುದಿಲ್ಲ. ಕೈಯಿಂದ ಮುಟ್ಟಿ ನೋಡಿದರೆ ಆ ಇಂಜಿನ್ ಮನೆಯಲ್ಲಿ ಬಿಸಿಯಾಗಿಲ್ಲದ ಕಬ್ಬಿಣವೇ ಇಲ್ಲ.

"ಒಂದು ತಿಂಗಳು ಪೆಟ್ಟಿಗಿಯೊಳಗ ಹುಡುಕಿದೆ. ಹೊರಗ ನೋಡಲಿಲ್ಲ. ಯಾರು ಕಟ್ಟಿದ್ರು ಇದನ್ನ?" ಅಂದರು.

"ನಾನು. ಬುಟ್ಟಿ ಮಾತು ಆಡಿದಾಕಿನೂ ನಾನ."

ಇವರು ಆ ಚಂಬನ್ನು ಎತ್ತಿ ಒಲೆಯ ಮಗ್ಗಲಿಗೆ ಇಟ್ಟರು. ಆಮೇಲೆ, "ಊಟಕ್ಕ ನೀಡು" ಅಂದರು. ಬಯ್ದಿದ್ದರೆ ಚೆನ್ನಾಗಿತ್ತು.

೨೨ ಡಿಸೆಂಬರ್, ಹೊಸ್ತಿಲ ಹುಣ್ಣಿಮೆ

ಹಾರೆ ತೆಗೆದುಕೊಂಡು ಹೋದೆ. ಹೆಂಗಸರೆಲ್ಲ ನೀರಿನಲ್ಲಿದ್ದರು.

"ಏಳ್ರಿ. ಒಡ್ಡು ಕೆಡವಬೇಕು."

"ಹಾರಿ ಹಿಡದು ಸ್ನಾನಕ್ಕ ಬಂದೀರಲ್ರೀ ಅಮ್ಮಾರ!" ಎಂದು ಹಂಪವ್ವ ಕಿಸಕ್ಕನೆ ನಕ್ಕಳು. ನಾನು ನಗದಿದ್ದುದನ್ನು ಕಂಡು, "ಕಟ್ಟಾಕೂ ನೀವ, ಕೆಡವಾಕೂ ನೀವ. ನಮ್ಮ ಕೈ ಏನು ಪುಕ್ಕಟ ಬಂದಾವೇನ್ರಿ? ಈ ಚಳಿಯಾಗ ಕೂಸು ಕುನ್ನಿ ಎಲ್ಲಿ ಮೈ ತೊಳಕೋಬೇಕು?" ಅಂದಳು.

"ಈ ಒಡ್ಡು ನೀರು ತಿರುಗಿಸಿ ಮತ್ತ ಇಂಜಿನ್ನಿಗೇ ಬಿಸಿನೀರು ಕುಡಸಾಕತ್ತೈತಿ. ಇದ್ದಲಿ ತಿಂದಿದ್ದು ಇದು. ಇಮಾಮಸಾಬ ಅಲ್ಲ. ಅವನ ಮ್ಯಾಲೆ ಮಾತು ಹಚ್ಚಿದಾಕಿ ನಾನು, ಅದಕ್ಕ ನಕ್ಕವರು ನೀವು."

ನಾನು ಮೊದಲ ಕಲ್ಲು ಮೀಟಿದೆ. ಎರೆಮಣ್ಣು ಗಟ್ಟಿಯಾಗಿ ಕಚ್ಚಿತ್ತು, ಕದಲಲಿಲ್ಲ. ಆಚೆಯಿಂದ ಒಂದು ಕೈ ಬಂದು ಕಲ್ಲನ್ನು ಹಿಡಿದು ಜಗ್ಗಿತು. ನೂರಜಾನಬಿ. ಇಬ್ಬರೂ ಕೂಡಿ ಎಳೆದೆವು. ಕಲ್ಲು ಎದ್ದದ್ದೇ ತಡ ನೀರು ಭೋರೆಂದು ಹೊಂಡದ ನಡುವಿಗೆ ನುಗ್ಗಿತು. ಆಮೇಲೆ ಹಂಪವ್ವ ಸೀರೆ ಎತ್ತಿ ಕಟ್ಟಿ ಬಂದಳು, ಕಳಕಮ್ಮ ಬಂದಳು. ಬಿಸಿಲು ಏರುವುದರೊಳಗೆ ಒಡ್ಡು ಇರಲಿಲ್ಲ.

ಒದ್ದೆ ಸೀರೆಯಲ್ಲೇ ಸಾವುಕಾರರು ಲೆಕ್ಕಕ್ಕೆ ಕೂಡುವ ಗದ್ದಿಗೆ ಹೋದೆ. ಗುಮಾಸ್ತರು ಎದ್ದು ನಿಂತರು. ಎಲ್ಲ ಹೇಳಿದೆ. ಸಾವುಕಾರರು ಕನ್ನಡಕ ತೆಗೆದು, "ತಾಯಿ, ಹೆಂಗಸರ ಮಾತಿಗೆ ಮುಳ್ಳು ಏರತೈತೇನು?" ಅಂದರು.

"ಮುಳ್ಳಿಗೆ ಮಾತು ಬ್ಯಾಡ್ರಿ, ತಣ್ಣೀರು ಬೇಕು. ಹೋಗಿ ನೋಡ್ರಿ. ಬುಟ್ಟಿ ಮಾತು ಮಾತ್ರ ನನ್ನ ಬಾಯಾಗ ಹುಟ್ಟಿದ್ದು. ಕಣ್ಣಾರೆ ನಾ ಏನೂ ನೋಡಿಲ್ಲ. ಅದಕ್ಕ ಅಮೀನರನ್ನ ಕರಸೋದಿದ್ರ ನನ್ನ ಸಲುವಾಗಿ ಕರಸ್ರಿ."

ಇವತ್ತು ಹೊಸ್ತಿಲ ಪೂಜೆ ಸಂಜೆಗೆ ಆಯಿತು.

೨೪ ಡಿಸೆಂಬರ್

ಮುಳ್ಳು ಏರಿತು.

ಇವರು ಓಡುತ್ತ ಬಂದರು. ಈ ವಯಸ್ಸಿನಲ್ಲಿ, ಗಿರಣಿಯಿಂದ ಮನೆಯ ತನಕ, ತಲೆಯ ಮೇಲೆ ರುಮಾಲು ಇಲ್ಲದೆ. ಹೋದ ಚಳಿಗಾಲದ ಗೆರೆಯನ್ನೂ ದಾಟಿ ನಿಂತಿದೆಯಂತೆ. ಕೊಳವೆ ತೊಳೆದದ್ದು, ಸಂದಿ ಮುಚ್ಚಿದ್ದು ಎಲ್ಲ ಈಗ ಫಲ ಕೊಟ್ಟಿತು ಅಂದರು. ಸಾವುಕಾರರು ತಾವೇ ಮುಳ್ಳಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರಂತೆ.

"ಇಮಾಮಸಾಬಗ ಕರೆ ಹೋತೇನ್ರಿ?"

"ಒಂದು ವಾರ ಇದ್ದಲಿ ತೂಗಿ ನೋಡ್ತಾರಂತ. ಆಮ್ಯಾಲೆ."

ಒಂದು ವಾರ. ನಾನಂತೂ ಮಾತಾಡುವಾಗ ಒಂದು ಗಳಿಗೆಯೂ ತೂಗಿರಲಿಲ್ಲ.

೧ ಜನವರಿ ೧೯೪೩

ಇಮಾಮಸಾಬ ಇವತ್ತು ಬಾಯ್ಲರಿನ ಮುಂದೆ ನಿಂತ. ಇವರು ತಮ್ಮ ಬುತ್ತಿಯಲ್ಲಿ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಲು ಹೇಳಿದರು. ನಾನು ಆರು ಕಟ್ಟಿದೆ, ಶೇಂಗಾ ಚಟ್ನಿ ಬೇರೆ.

ನೂರಜಾನ ಹೊಂಡದ ದಂಡೆಯಲ್ಲಿ ಸಿಕ್ಕಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಎದುರು ನಿಂತಾಗ, "ನಿನ್ನ ಮೊಣಕಾಲು ಹೆಂಗೈತಿ?" ಎಂಬುದಷ್ಟೇ ಬಂತು.

"ನಿಮ್ಮದರಂಗ ಐತ್ರಿ" ಅಂದಳು.

೧೪ ಜನವರಿ, ಸಂಕ್ರಾಂತಿ

ಮೈ ಕೊರೆಯುವ ಚಳಿ. ಬಿಸಿನೀರು ಇನ್ನೂ ದೂರ ಹೋಗಿ ಬೀಳಲಿ ಎಂದು ಇವರು ಕಲ್ಲಿನ ಕಾಲುವೆಯನ್ನು ಆಚೆ ದಂಡೆಯ ತನಕ ಒಯ್ದಿದ್ದಾರೆ. ಮುಳ್ಳು ಮತ್ತಷ್ಟು ಏರಿತಂತೆ. ಹೆಂಗಸರ ಮೆಟ್ಟಿಲಿನ ನೀರೀಗ ಹಿಮದಂತೆ. ಹಂಪವ್ವ ನನ್ನನ್ನು ಕಂಡಾಗಲೆಲ್ಲ, "ಈಗ ನೀವು ಶಿವನ ಬಾಜೂಕ ಬಂದ್ರಿ ನೋಡ್ರಿ" ಎನ್ನುತ್ತಾಳೆ.

ಇವತ್ತು ಹಬ್ಬ, ತಲೆಗೆ ನೀರು ಬೇಕು. ನಸುಕಿನಲ್ಲಿ ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ತಾಮ್ರದ ಕೊಡ, ಮೇಲೆ ತಾಟು ಮುಚ್ಚಿತ್ತು. ತೆಗೆದೆ, ಹಬೆ ಮುಖಕ್ಕೆ ಬಡಿಯಿತು. ನೂರಜಾನ ಓಣಿಯ ತಿರುವಿನಲ್ಲಿ ಹೋಗುತ್ತಿದ್ದಳು.

"ಇದ್ಯಾಕ ಸುಮ್ನ ತ್ರಾಸ ತಗೊಂಡಿ?" ಎಂದು ಕೂಗಿದೆ.

"ಕಿಟ್ಟ ಭಾಳ ಉಳದಿತ್ರಿ" ಅಂದಳು. ತಿರುಗಿ ನೋಡಲಿಲ್ಲ, ಆದರೆ ನಗುತ್ತಿದ್ದಳು. ಬೆನ್ನು ನೋಡಿದರೆ ಗೊತ್ತಾಗುತ್ತದೆ.

ನೀರು ಹದವಾಗಿ ಬಿಸಿಯಿತ್ತು. ಮೊಣಕಾಲು ಸಡಿಲವಾಯಿತು. ಬಹಳ ದಿನಗಳ ಮೇಲೆ ಪೂಜೆಯಲ್ಲಿ ಮನಸ್ಸು ನಿಂತಿತು, ಪತ್ರಿಯೂ ಎಳೆಯದು ಸಿಕ್ಕಿತ್ತು.

ಕೊಡ ಬೆಳಗಿ, ಎಳ್ಳುಬೆಲ್ಲ ಹಾಕಿ ಕೊಟ್ಟು ಬರಬೇಕು. ಬೂದಿ ಮುಗಿದಿದೆ. ಹಂಪವ್ವನಿಗೆ ಹೇಳುವುದು ಬೇಡ, ನಾನೇ ನೂರಜಾನಳ ಮನೆಗೆ ಹೋಗಿ ಕೇಳಿ ತರುತ್ತೇನೆ.